ಫೋಲ್ಡರ್ ಕಾಣೆಯಾದರೆ ಕಂಪ್ಯೂಟರ್ ಬಾಯಿಬಿಟ್ಟು ಹೇಳಲಿ

ಕಳೆದ ತಿಂಗಳು ತಂಗಿಯ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವ ಕೊನೆಯ ದಿನ. ಅಮ್ಮಿ ನಮ್ಮ ಮನೆಯ ಹಳೆಯ ಲಿನಕ್ಸ್ ಕಂಪ್ಯೂಟರಿನಲ್ಲಿ ಅರ್ಜಿಯ ಪಿಡಿಎಫ್ ಡೌನ್‌ಲೋಡ್ ಮಾಡಿ, ಡೌನ್‌ಲೋಡ್ಸ್ ಫೋಲ್ಡರ್ ತೆರೆದರು. ಖಾಲಿ. ಮತ್ತೆ ಮಾಡಿದರು, ಮತ್ತೆ ಖಾಲಿ. ನಾಲ್ಕು ಸಲ ಹೀಗಾದ ಮೇಲೆ "ನನಗೆ ಇದೆಲ್ಲ ಬರಲ್ಲ" ಎಂದು ಸೈಬರ್ ಸೆಂಟರಿಗೆ ನಡೆದರು. ಸಂಜೆ ನಾನು ನೋಡಿದರೆ ನಾಲ್ಕೂ ಪ್ರತಿಗಳು ಹೋಮ್ ಫೋಲ್ಡರಿನಲ್ಲಿ ಬಿದ್ದಿದ್ದವು.

ಮೊದಲ ತಪ್ಪು ನನ್ನದೇ. ಹಿಂದಿನ ವಾರ ಜಾಗ ಖಾಲಿ ಮಾಡುವ ಭರದಲ್ಲಿ ಡೌನ್‌ಲೋಡ್ಸ್ ಫೋಲ್ಡರನ್ನೇ ಅಳಿಸಿದ್ದೆ. ಎರಡು ದಿನ ಬಿಟ್ಟು ಅದೇ ಹೆಸರಿನ ಹೊಸದೊಂದನ್ನು ಮಾಡಿಟ್ಟು, ಸರಿಹೋಯಿತು ಅಂದುಕೊಂಡೆ. ಹೋಗಿರಲಿಲ್ಲ.

ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಎಲ್ಲಿವೆ ಎಂಬುದನ್ನು ಲಿನಕ್ಸ್ ‘ಯೂಸರ್-ಡಿರ್ಸ್’ ಎಂಬ ಪುಟ್ಟ ಫೈಲಿನಲ್ಲಿ ಬರೆದಿಟ್ಟಿರುತ್ತದೆ. ನಾವು ಲಾಗಿನ್ ಆದಾಗ ಒಂದು ಪ್ರೋಗ್ರಾಂ ಅದನ್ನು ಓದುತ್ತದೆ. ಬರೆದ ಜಾಗದಲ್ಲಿ ಫೋಲ್ಡರ್ ಇಲ್ಲದಿದ್ದರೆ, ಆ ವಿಳಾಸ ತೆಗೆದು ಹೋಮ್ ಫೋಲ್ಡರಿನ ವಿಳಾಸ ಬರೆದುಬಿಡುತ್ತದೆ. ನಮಗೆ ಒಂದು ಮಾತೂ ಹೇಳುವುದಿಲ್ಲ. ಆಮೇಲೆ ಫೋಲ್ಡರನ್ನು ಮತ್ತೆ ಮಾಡಿದರೂ ಆ ಬರಹ ತಾನಾಗಿ ತಿದ್ದಿಕೊಳ್ಳುವುದಿಲ್ಲ. ಡೆಸ್ಕ್‌ಟಾಪ್ ಫೋಲ್ಡರ್ ಅಳಿಸಿದವರ ಪಾಡು ಇನ್ನೂ ಚೆಂದ: ಹೋಮಿನಲ್ಲಿರುವುದೆಲ್ಲ ಪರದೆಯ ಮೇಲೆ ಬಂದು ಕೂರುತ್ತದೆ!

ಹಾಗಾದರೆ ಇಲ್ಲದ ಫೋಲ್ಡರನ್ನು ಪ್ರತಿ ಸಲ ಕಂಪ್ಯೂಟರೇ ಸೃಷ್ಟಿಸಲಿ ಎಂದು ನನ್ನ ಗೆಳೆಯನೊಬ್ಬ ವಾದಿಸಿದ. ನಾನು ಒಪ್ಪುವುದಿಲ್ಲ. ಬೇಡವೆಂದೇ ಅಳಿಸಿದವರಿಗೆ ಅದು ಕಿರಿಕಿರಿ. ಅದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. ಡಾಕ್ಯುಮೆಂಟ್ಸ್ ಇನ್ನೊಂದು ಡಿಸ್ಕಿನಲ್ಲಿದ್ದು, ಆ ದಿನ ಡಿಸ್ಕ್ ಮೌಂಟ್ ಆಗಿಲ್ಲವೆಂದುಕೊಳ್ಳಿ. ಕಂಪ್ಯೂಟರ್ ಅದೇ ಜಾಗದಲ್ಲಿ ಖಾಲಿ ಫೋಲ್ಡರ್ ಮಾಡಿದರೆ, ನಾವು ರೆಕಾರ್ಡ್ ಬರೆದು ಅಲ್ಲೇ ಸೇವ್ ಮಾಡುತ್ತೇವೆ. ಮರುದಿನ ಡಿಸ್ಕ್ ಅದರ ಮೇಲೆ ಮೌಂಟ್ ಆದಾಗ, ನಿನ್ನೆ ಬರೆದದ್ದು ಕೆಳಗೆ ಮುಚ್ಚಿಹೋಗುತ್ತದೆ. ಅಳಿದಿರುವುದಿಲ್ಲ, ಆದರೆ ಕಾಣುವುದೂ ಇಲ್ಲ. ಪ್ರಾಕ್ಟಿಕಲ್ ಪರೀಕ್ಷೆಯ ಬೆಳಿಗ್ಗೆ ಇದನ್ನು ಯಾರಿಗೆ ವಿವರಿಸುವುದು?

ಫೋಲ್ಡರ್ ಯಾಕೆ ಇಲ್ಲ ಎಂಬುದು ಕಂಪ್ಯೂಟರಿಗೆ ಗೊತ್ತಿರುವುದಿಲ್ಲ, ನಮಗೆ ಗೊತ್ತಿರುತ್ತದೆ. ಆದ್ದರಿಂದ ನಮ್ಮನ್ನು ಕೇಳಬೇಕು: "ಡೌನ್‌ಲೋಡ್ಸ್ ಸಿಗುತ್ತಿಲ್ಲ. ಹೊಸದು ಮಾಡಲೇ, ಬೇರೆ ಜಾಗ ತೋರಿಸುತ್ತೀರಾ, ಸುಮ್ಮನೆ ಬಿಡಲೇ?" ಒಮ್ಮೆ ಕೇಳಿದರೆ ಸಾಕು. ಇದು ಆಗದ ಕೆಲಸವೇನಲ್ಲ. ಗ್ನೋಮ್ ಡೆಸ್ಕ್‌ಟಾಪಿನಲ್ಲಿ ಭಾಷೆ ಬದಲಿಸಿ ಲಾಗಿನ್ ಆದರೆ, ಈ ಫೋಲ್ಡರುಗಳ ಹೆಸರನ್ನೂ ಬದಲಿಸಬೇಕೇ, ಹಳೆಯದೇ ಇರಲೇ ಎಂದು ಅದು ಕೇಳುತ್ತದೆ. ಹೆಸರು ಬದಲಿಸಲು ನಮ್ಮ ಒಪ್ಪಿಗೆ ಬೇಕು, ಫೋಲ್ಡರೇ ಇಲ್ಲವಾದಾಗ ಬೇಡವೇ?

ನಮ್ಮ ಮನೆಯ ಕಂಪ್ಯೂಟರಿನ ಆ ಫೈಲನ್ನು ನಾನೇ ತೆರೆದು ತಿದ್ದಿದ್ದೇನೆ. ಈಗ ಎಲ್ಲ ಡೌನ್‌ಲೋಡ್ಸ್‌ಗೇ ಹೋಗುತ್ತಿದೆ. ಅಮ್ಮಿ ಮಾತ್ರ ಈಗಲೂ ಅರ್ಜಿ ಎಂದರೆ ಸೈಬರ್ ಸೆಂಟರಿಗೇ ಹೊರಡುತ್ತಾರೆ.