ತಪ್ಪು ತಕ್ಕಡಿ

ಎಸ್.ಎಸ್.ಎಲ್.ಸಿ. ಫಲಿತಾಂಶ ಹೊರಬಿದ್ದಿತೆಂದರೆ ಜಿಲ್ಲೆಗಳಿಗೂ ಶಾಲೆಗಳಿಗೂ ಸ್ಥಾನ ಹಂಚುವ ಸಂಭ್ರಮ ಮೊದಲಾಗುತ್ತದೆ. ಶೇಕಡಾ ಲೆಕ್ಕ ಇಳಿದ ಸರ್ಕಾರಿ ಪ್ರೌಢಶಾಲೆಗೆ ‘ಕೆಟ್ಟ ಶಾಲೆ’ ಎಂಬ ಹಣೆಪಟ್ಟಿ.

ಈ ತಕ್ಕಡಿ ಎಷ್ಟು ನೆಟ್ಟಗಿದೆ, ನೋಡಿ. 2023ರಲ್ಲಿ ರಾಜ್ಯದ ಫಲಿತಾಂಶ ಶೇ. 83.89, ಪರೀಕ್ಷಾ ಕೊಠಡಿಗೆ ಕ್ಯಾಮರಾ ಕಾವಲು ಬಂದ 2024ರಲ್ಲಿ, ಕೃಪಾಂಕ ಹೆಚ್ಚಿಸಿಯೂ, ಶೇ. 73.40. ಮಕ್ಕಳು ಒಂದೇ ವರ್ಷದಲ್ಲಿ ದಡ್ಡರಾಗಿಬಿಟ್ಟರೇನು? ಉಪಾಧ್ಯಾಯರು ಪಾಠ ಮರೆತರೇನು? ಬದಲಾದದ್ದು ಕಾವಲು, ಶಾಲೆಯಲ್ಲ.

ಇನ್ನು ಮಕ್ಕಳ ಮಾತು. ತುಮಕೂರಿನ ಅಂಚಿನ ಅಂತರಸನಹಳ್ಳಿಯಲ್ಲಿ ಕೈಗಾರಿಕಾ ಪ್ರದೇಶವಿದೆ, ತರಕಾರಿ ಮಾರುಕಟ್ಟೆಯಿದೆ. ಇಂಥ ಕಡೆ ದುಡಿಯಬಂದವರ ಮಕ್ಕಳು ವರ್ಷದ ನಡುವೆ ಬರುತ್ತಾರೆ, ನಡುವೆಯೇ ಹೋಗುತ್ತಾರೆ. ಮೊರಾರ್ಜಿ ದೇಸಾಯಿ ವಸತಿ ಶಾಲೆಗಳು ಆರನೆಯ ತರಗತಿಗೆ ಪ್ರವೇಶ ಪರೀಕ್ಷೆಯಿಂದ ಮಕ್ಕಳನ್ನು ಆರಿಸಿಕೊಳ್ಳುತ್ತವೆ. ಖಾಸಗಿ ಶಾಲೆಗೆ ಶುಲ್ಕವೇ ಜರಡಿ. ಊರಿನ ಸರ್ಕಾರಿ ಶಾಲೆ ಮಾತ್ರ ಬಾಗಿಲಿಗೆ ಬಂದವರನ್ನೆಲ್ಲ ಸೇರಿಸಿಕೊಳ್ಳುತ್ತದೆ. ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಯಾವ ನ್ಯಾಯ? ನೂರಕ್ಕೆ ನೂರು ಬೇಕೆಂದು ಪೀಡಿಸಿದರೆ ಶಾಲೆಗೆ ಸುಲಭದ ದಾರಿಯೊಂದುಂಟು: ಹಿಂದುಳಿದ ಮಗುವನ್ನು ಒಂಬತ್ತರಲ್ಲೇ ಕಳಚಿಬಿಡುವುದು. ಪಟ್ಟಿಯಲ್ಲಿ ಆ ಮಗುವಿನ ಲೆಕ್ಕವೇ ಇರುವುದಿಲ್ಲ.

ಇದು ಸೋಮಾರಿ ಉಪಾಧ್ಯಾಯರ ಪರವಾದ ವಕಾಲತ್ತಲ್ಲ. ಶಾಲೆಯನ್ನು ಧಾರಾಳವಾಗಿ ಪರೀಕ್ಷಿಸಿ. ಆದರೆ ಪ್ರಶ್ನೆ ಸರಿಯಾಗಿರಲಿ. ಎಂಟನೆಯ ತರಗತಿಗೆ ಸೇರಿದವರಲ್ಲಿ ಎಷ್ಟು ಮಂದಿ ಹತ್ತನ್ನು ಮುಟ್ಟಿದರು? ಬರುವಾಗ ಏನು ಓದಬಲ್ಲವರಾಗಿದ್ದರು, ಹೋಗುವಾಗ ಏನು? ಇದನ್ನು ಕೇಳದ ಪಟ್ಟಿ ತೂಗುವುದು ಶಾಲೆಯ ದುಡಿಮೆಯನ್ನಲ್ಲ, ಮಕ್ಕಳ ಮನೆಯ ಅನುಕೂಲವನ್ನು.