ಧಕ್ಕೆ ಯಾರದು, ವ್ಯಾಪಾರ ಯಾರದು?

‘ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ’ ಎಂಬ ಗಾದೆಯೊಂದು ಕನ್ನಡದಲ್ಲಿದೆ. ವ್ಯಾಪಾರಿಗಳ ಮಟ್ಟಿಗೆ ಇದು ಬರಿಯ ಗಾದೆಯಲ್ಲ, ಒಂದು ನಂಬಿಕೆ. ಜನ ಊರಿಗೆ ಬಂದರೆ ಸಾಕು, ಒಂದಲ್ಲ ಒಂದು ಹೊತ್ತಿನಲ್ಲಿ ಅಂಗಡಿಗೆ ಬಂದೇ ಬರುತ್ತಾರೆ ಎಂಬ ಭರವಸೆಯ ಮೇಲೆಯೇ ಪೇಟೆಗಳು ಬೆಳೆದಿವೆ. ಅಮೆರಿಕದ ಉತ್ತರ ತುದಿಯ ಅಲಾಸ್ಕಾ ರಾಜ್ಯದ ಕರಾವಳಿ ಪಟ್ಟಣಗಳೂ ಇದೇ ಭರವಸೆಯಿಂದ ಪ್ರವಾಸಿ ಹಡಗುಗಳನ್ನು ಬರಮಾಡಿಕೊಂಡವು. ಜನ ಬಂದರು, ನಿರೀಕ್ಷೆಗೂ ಮೀರಿ ಬಂದರು. ಆದರೆ ನೀರಿನ ಬಾವಿ ಯಾರದು ಎಂಬ ಪ್ರಶ್ನೆಯನ್ನು ಆ ಪಟ್ಟಣಗಳು ತಡವಾಗಿ ಕೇಳಿಕೊಂಡವು. ಆ ಅನುಭವವನ್ನು ಒಂದು ಲೆಕ್ಕಪುಸ್ತಕದಂತೆ ಓದಿದರೆ ಸಣ್ಣ ವ್ಯಾಪಾರಿಗಳಿಗೂ ಸಣ್ಣ ಕೈಗಾರಿಕೋದ್ಯಮಿಗಳಿಗೂ ಅದರಲ್ಲಿ ಪಾಠವಿದೆ.

ಮೊದಲು ಸರಕಿನ ವಿಚಾರ. ಸಿಯಾಟಲ್ ಅಥವಾ ಕೆನಡಾದ ವ್ಯಾಂಕೂವರ್‌ನಿಂದ ಹೊರಡುವ ಹಡಗು ಸಾಮಾನ್ಯವಾಗಿ ಏಳು ದಿನಗಳ ಯಾನದಲ್ಲಿ ದ್ವೀಪಗಳ ನಡುವಿನ ಶಾಂತ ಜಲಮಾರ್ಗವನ್ನು ಹಿಡಿದು ಉತ್ತರಕ್ಕೆ ಸಾಗುತ್ತದೆ. ಎರಡೂ ಬದಿಗೆ ಮಂಜು ಕವಿದ ಕಾಡು, ಕಡಿದಾದ ಬಂಡೆಗಳಿಂದ ಧುಮುಕುವ ಜಲಪಾತಗಳು, ಆಗಾಗ ನೀರಿನಿಂದ ಮೇಲೇಳುವ ತಿಮಿಂಗಿಲಗಳು. ಗ್ಲೇಸಿಯರ್ ಬೇ ರಾಷ್ಟ್ರೀಯ ಉದ್ಯಾನದಲ್ಲಿ ಹಡಗು ಹಿಮನದಿಯ ಮುಂದೆ ನಿಧಾನವಾಗಿ ತಿರುಗಿ ನಿಲ್ಲುತ್ತದೆ. ಬಹುಮಹಡಿ ಕಟ್ಟಡದಷ್ಟು ಎತ್ತರದ ನೀಲಿ ಹಿಮದ ಗೋಡೆಯಿಂದ ಒಂದು ತುಂಡು ಕಳಚಿ ಗುಡುಗಿನಂಥ ಸದ್ದಿನೊಡನೆ ಸಮುದ್ರಕ್ಕೆ ಬೀಳುವುದನ್ನು ನೋಡಲು ಪ್ರಯಾಣಿಕರು ಕಂಬಳಿ ಹೊದ್ದು ಡೆಕ್ಕಿನ ಮೇಲೆ ಕಾದಿರುತ್ತಾರೆ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗಿನ ಋತುವಿನಲ್ಲಿ ಮಾತ್ರ ದೊರೆಯುವ ಈ ಸರಕಿಗೆ ಜಗತ್ತಿನಲ್ಲೆಲ್ಲ ಬೇಡಿಕೆಯಿದೆ.

ಗಿರಾಕಿಗಳ ಸಂಖ್ಯೆಯೂ ಬೆರಗು ಹುಟ್ಟಿಸುವಂಥದು. ರಾಜಧಾನಿಯಾದ ಜೂನೋ ನಗರದ ಜನಸಂಖ್ಯೆ ಸುಮಾರು 32 ಸಾವಿರ. ರಸ್ತೆಯ ಮೂಲಕ ಅಲ್ಲಿಗೆ ಹೋಗಲು ಸಾಧ್ಯವಿಲ್ಲ. ಹಡಗು ಅಥವಾ ವಿಮಾನವೇ ಗತಿ. ಇಂಥ ಊರಿಗೆ 2023ರಲ್ಲಿ ಹಡಗಿನಿಂದ ಬಂದವರು 16 ಲಕ್ಷಕ್ಕೂ ಹೆಚ್ಚು. ಸುಮಾರು 1,200 ನಿವಾಸಿಗಳಿರುವ ಸ್ಕಾಗ್ವೇ ಎಂಬ ಪಟ್ಟಣಕ್ಕೆ 2019ರಲ್ಲಿ ಬಂದವರು ಸುಮಾರು 10 ಲಕ್ಷ. ಯಾವ ಪೇಟೆಯ ವರ್ತಕನಾದರೂ ಅಸೂಯೆಪಡುವ ಅಂಕಿಗಳಿವು. ಆದರೆ ವಹಿವಾಟು ಬೇರೆ, ಲಾಭ ಬೇರೆ ಎಂಬುದನ್ನು ವರ್ತಕರಿಗೆ ಹೇಳಿಕೊಡಬೇಕಾಗಿಲ್ಲ.

ಹಣ ಎಲ್ಲಿ ಉಳಿಯುತ್ತದೆ?

ಪ್ರಯಾಣಿಕನು ಮಲಗುವುದು ಹಡಗಿನಲ್ಲಿ, ಮೂರು ಹೊತ್ತಿನ ಊಟ ಹಡಗಿನಲ್ಲಿ, ಮನರಂಜನೆಯೂ ಅಲ್ಲಿಯೇ. ಆದ್ದರಿಂದ ಊರಿನ ವಸತಿಗೃಹಕ್ಕಾಗಲಿ ಭೋಜನಶಾಲೆಗಾಗಲಿ ಅವನಿಂದ ದೊರೆಯುವ ಪಾಲು ಅಲ್ಪ. ದಡದಲ್ಲಿ ಕಳೆಯುವ ಕೆಲವು ಗಂಟೆಗಳಿಗಾಗಿ ದೋಣಿವಿಹಾರ, ಬಸ್ಸು, ಹೆಲಿಕಾಪ್ಟರ್ ಮೊದಲಾದ ಪ್ರವಾಸಗಳನ್ನು ಹಡಗಿನಲ್ಲಿಯೇ ಮಾರಲಾಗುತ್ತದೆ. ಕಂಪನಿಯು ತನ್ನ ಪಾಲನ್ನು ಹಿಡಿದುಕೊಂಡು ಉಳಿದುದನ್ನು ಸ್ಥಳೀಯ ನಿರ್ವಾಹಕನಿಗೆ ಕೊಡುತ್ತದೆ. ಯಾವ ಅಂಗಡಿಯಲ್ಲಿ ಕೊಳ್ಳಬೇಕೆಂಬ ಶಿಫಾರಸ್ಸೂ ಹಡಗಿನಿಂದಲೇ ಬರುತ್ತದೆ. ಹೀಗೆ ಶಿಫಾರಸ್ಸು ಪಡೆಯುವ ಅಂಗಡಿಗಳು ಅದಕ್ಕಾಗಿ ಹಣ ಕೊಟ್ಟಿದ್ದರೆ ಆ ವಿಷಯವನ್ನು ಪ್ರಯಾಣಿಕರಿಗೆ ತಿಳಿಸಲೇಬೇಕೆಂದು ಅಲಾಸ್ಕಾದ ಗ್ರಾಹಕ ಸಂರಕ್ಷಣಾ ಕಾನೂನು ವಿಧಿಸಬೇಕಾಯಿತೆಂದರೆ ಪರಿಸ್ಥಿತಿಯನ್ನು ಊಹಿಸಬಹುದು. ಪಟ್ಟಣಗಳ ಮುಖ್ಯ ಬೀದಿಗಳಲ್ಲಿ ‘ಇದು ಸ್ಥಳೀಯರ ಅಂಗಡಿ’ ಎಂದು ಫಲಕ ಹಾಕಿಕೊಳ್ಳುವ ಸ್ಥಿತಿ ಊರಿನವರಿಗೇ ಬಂದಿದೆ.

ಆಸ್ತಿಯ ಕಡೆಗೂ ಗಮನ ಹರಿಸಬೇಕು. 1898ರ ಚಿನ್ನದ ಹುಚ್ಚಿನ ಕಾಲದಲ್ಲಿ ಸ್ಕಾಗ್ವೇಯಿಂದ ಆರಂಭವಾದ ರೈಲುಮಾರ್ಗವು ಗಣಿಗಾರಿಕೆ ಕುಸಿದಾಗ, 1982ರಲ್ಲಿ ಮುಚ್ಚಿತು. 1988ರಲ್ಲಿ ಪ್ರವಾಸಿಗರಿಗಾಗಿ ಮತ್ತೆ ತೆರೆಯಿತು. 2018ರಲ್ಲಿ ಅದನ್ನು 29 ಕೋಟಿ ಡಾಲರ್‌ಗಳಿಗೆ ಕೊಂಡ ಪಾಲುದಾರಿಕೆಯಲ್ಲಿ ಕಾರ್ನಿವಲ್ ಎಂಬ ಬೃಹತ್ ಹಡಗು ಕಂಪನಿಯೂ ಒಂದು. ಇದೇ ಸಮೂಹದ ಸಂಸ್ಥೆಗಳಿಗೆ ಅಲಾಸ್ಕಾದ ಒಳನಾಡಿನಲ್ಲಿ ತಂಗುದಾಣಗಳೂ ಬಸ್ಸುಗಳೂ ಇವೆ. ಕೆಚಿಕನ್ ಎಂಬ ಊರಿನಲ್ಲಿ 2021ರಿಂದ ಕೆಲವು ಹಡಗುಗಳು ಪೇಟೆಯ ಧಕ್ಕೆಯನ್ನು ಬಿಟ್ಟು, ಸುಮಾರು 10 ಕಿ.ಮೀ. ದೂರದ ಹಳೆಯ ಕಾಗದದ ತಿರುಳಿನ ಕಾರ್ಖಾನೆಯ ಆವರಣದಲ್ಲಿ ನಿರ್ಮಿಸಿದ ಖಾಸಗಿ ಧಕ್ಕೆಗೆ ಬರತೊಡಗಿದವು. ಧಕ್ಕೆಯ ಎದುರಿಗೇ ಅಂಗಡಿ ಇಟ್ಟುಕೊಂಡವನ ಗಿರಾಕಿ ಈಗ ಬಸ್ಸು ಹತ್ತಿ ಬರಬೇಕು. ಬಂದರೆ ಬಂದ, ಇಲ್ಲದಿದ್ದರೆ ಇಲ್ಲ.

ಒಂದೇ ಬಾಗಿಲಿನ ಅಪಾಯ

ಒಬ್ಬನೇ ದೊಡ್ಡ ಗ್ರಾಹಕನನ್ನು ನೆಚ್ಚಿದ ಉದ್ಯಮಕ್ಕೆ ಏನಾಗಬಹುದೆಂಬುದನ್ನು 2020ನೆಯ ವರ್ಷ ತೋರಿಸಿತು. ಕೊರೊನಾ ಸೋಂಕಿನ ಕಾರಣ ಆ ವರ್ಷದ ಮಾರ್ಚ್‌ನಲ್ಲಿ ಅಮೆರಿಕ ಸರಕಾರ ಪ್ರವಾಸಿ ಹಡಗುಗಳ ಸಂಚಾರವನ್ನು ನಿಲ್ಲಿಸಿತು. ದೊಡ್ಡ ಹಡಗುಗಳು ಇಡೀ ಋತು ಅಲಾಸ್ಕಾದತ್ತ ಸುಳಿಯಲಿಲ್ಲ. ಸ್ಕಾಗ್ವೇ ಪಟ್ಟಣದ ಆಡಳಿತವು ಕೇಂದ್ರದ ಪರಿಹಾರ ನಿಧಿಯಿಂದ ಪ್ರತಿಯೊಬ್ಬ ನಿವಾಸಿಗೂ ತಿಂಗಳಿಗೆ 1,000 ಡಾಲರ್ ಹಂಚಬೇಕಾಯಿತು.

ಇನ್ನೊಂದು ಪೆಟ್ಟು ಯಾರೂ ನೆನೆಯದ ದಿಕ್ಕಿನಿಂದ ಬಂತು. ವಿದೇಶಿ ಹಡಗು ಅಮೆರಿಕದ ಒಂದು ಬಂದರಿನಿಂದ ಇನ್ನೊಂದು ಬಂದರಿಗೆ ಪ್ರಯಾಣಿಕರನ್ನು ನೇರವಾಗಿ ಒಯ್ಯಕೂಡದೆಂಬ ಕಾನೂನು 1886ರಿಂದ ಜಾರಿಯಲ್ಲಿದೆ. ದೊಡ್ಡ ಪ್ರವಾಸಿ ಹಡಗುಗಳು ಬಹುಪಾಲು ವಿದೇಶಗಳಲ್ಲಿ ನೋಂದಣಿಯಾದವು. ಆದ್ದರಿಂದ ಅವು ನಡುವೆ ಕೆನಡಾದ ಬಂದರೊಂದನ್ನು ಮುಟ್ಟಿ ಕಾನೂನನ್ನು ಪಾಲಿಸುತ್ತ ಬಂದಿದ್ದವು. 2021ರ ಫೆಬ್ರವರಿಯಲ್ಲಿ ಕೆನಡಾ ತನ್ನ ಬಂದರುಗಳಿಗೆ ಈ ಹಡಗುಗಳ ಪ್ರವೇಶವನ್ನು ಇನ್ನೂ ಒಂದು ವರ್ಷ ನಿಷೇಧಿಸಿದಾಗ ಅಲಾಸ್ಕಾದ ಬಾಗಿಲೂ ತಾನಾಗಿ ಮುಚ್ಚಿತು. ಅಮೆರಿಕದ ಸಂಸತ್ತು ಮೇ ತಿಂಗಳಿನಲ್ಲಿ ತಾತ್ಕಾಲಿಕ ವಿನಾಯಿತಿಯ ಕಾಯಿದೆ ಮಾಡಿದ ಮೇಲೆ ಜುಲೈಯಲ್ಲಿ ಮೊದಲ ದೊಡ್ಡ ಹಡಗು ಬಂತು. ಅಷ್ಟರಲ್ಲಿ ಅರ್ಧ ಋತು ಕಳೆದಿತ್ತು. ಸ್ಕಾಗ್ವೇಯ ಅಂಗಡಿಕಾರನಿಗೆ ತನ್ನ ವ್ಯಾಪಾರವು 135 ವರ್ಷ ಹಳೆಯ ಕಾನೂನಿನ ಒಂದು ನಿಯಮದ ಮೇಲೂ ಪರದೇಶದ ಒಂದು ಆದೇಶದ ಮೇಲೂ ನಿಂತಿದೆಯೆಂಬುದು ಬಾಗಿಲು ಮುಚ್ಚಿದ ಮೇಲೆ ಮನವರಿಕೆಯಾಯಿತು.

ಈ ವ್ಯವಸ್ಥೆಯಲ್ಲಿ ಇನ್ನೊಂದು ದೀರ್ಘಕಾಲೀನ ಖರ್ಚೂ ಇದೆ. ಯಂತ್ರಕ್ಕೆ ಸವಕಳಿ ಬರೆಯದೆ ಲಾಭ ತೋರಿಸುವ ಉದ್ಯಮಿ ತನ್ನನ್ನೇ ವಂಚಿಸಿಕೊಳ್ಳುತ್ತಾನೆ. ಇಲ್ಲಿ ಯಂತ್ರದ ಸ್ಥಾನದಲ್ಲಿರುವುದು ಹಿಮನದಿ. ಆಂಕರೇಜ್ ನಗರದ ಸಮೀಪದ ಪೋರ್ಟೇಜ್ ಹಿಮನದಿಯನ್ನು ತೋರಿಸಲೆಂದೇ 1986ರಲ್ಲಿ ಸರಕಾರವು ಸರೋವರದ ದಂಡೆಯಲ್ಲಿ ವೀಕ್ಷಣಾ ಕೇಂದ್ರವೊಂದನ್ನು ಕಟ್ಟಿಸಿತು. ಹಿಮನದಿ ಹಿಂದೆ ಸರಿಯುತ್ತ ಬೆಟ್ಟದ ಮರೆಗೆ ಹೋಯಿತು. ಇಂದು ಆ ಕೇಂದ್ರದ ಕಿಟಕಿಯಿಂದ ಅದು ಕಾಣುವುದಿಲ್ಲ. ನೋಡಬೇಕಾದವರು ದೋಣಿ ಹತ್ತಬೇಕು. ಕಟ್ಟಡ ಇನ್ನೂ ಗಟ್ಟಿಯಾಗಿದೆ, ಅದು ತೋರಿಸಬೇಕಾಗಿದ್ದ ಸರಕು ಮಾತ್ರ ಅಲ್ಲಿಲ್ಲ. ಗ್ಲೇಸಿಯರ್ ಬೇಯಲ್ಲಿ ಉದ್ಯಾನದ ಆಡಳಿತವು ದಿನಕ್ಕೆ ಎರಡೇ ದೊಡ್ಡ ಹಡಗುಗಳಿಗೆ ಪ್ರವೇಶ ಕೊಡುತ್ತದೆ. ಮಿತಿಯಿಂದಾಗಿ ಅಲ್ಲಿನ ಪ್ರವೇಶದ ಬೆಲೆ ಹೆಚ್ಚಿದೆಯೇ ಹೊರತು ಕುಗ್ಗಿಲ್ಲ.

ಪಟ್ಟಣಗಳು ಮಾಡಿದ್ದೇನು?

ಈ ಪಟ್ಟಣಗಳು ಹಣೆಬರಹವೆಂದು ಕೈಕಟ್ಟಿ ಕೂರಲಿಲ್ಲ. 2006ರಲ್ಲಿ ಅಲಾಸ್ಕಾದ ಮತದಾರರು ಜನಮತದ ಮೂಲಕ ಪ್ರತಿ ಪ್ರಯಾಣಿಕನ ಮೇಲೆ ಒಟ್ಟು 50 ಡಾಲರ್ ತೆರಿಗೆ ಹಾಕಿದರು. ಹಡಗು ಕಂಪನಿಗಳು ನ್ಯಾಯಾಲಯಕ್ಕೆ ಹೋದವು. 2010ರಲ್ಲಿ ಶಾಸನಸಭೆ ಅದನ್ನು ಇಳಿಸಿತು. ಜೂನೋ ನಗರವು ತಾನು ವಸೂಲು ಮಾಡಿದ ಪ್ರಯಾಣಿಕ ಶುಲ್ಕವನ್ನು ಖರ್ಚು ಮಾಡಿದ ರೀತಿಯನ್ನೂ ಕಂಪನಿಗಳ ಸಂಘ ಪ್ರಶ್ನಿಸಿತು. ಹಡಗಿಗೆ ಸಲ್ಲುವ ಸೇವೆಗಳಿಗೆ ಮಾತ್ರ ಈ ಹಣ ಬಳಸಬೇಕೆಂಬ ತೀರ್ಪು 2018ರಲ್ಲಿ ಬಂತು. ಅನಂತರ ಜೂನೋ ಮಾತುಕತೆಯ ದಾರಿ ಹಿಡಿಯಿತು. 2024ರಿಂದ ದಿನಕ್ಕೆ ಐದೇ ದೊಡ್ಡ ಹಡಗುಗಳೆಂದೂ, 2026ರಿಂದ ಹಡಗುಗಳ ಹಾಸಿಗೆಗಳ ಲೆಕ್ಕದಲ್ಲಿ ದಿನಕ್ಕೆ 16,000, ಶನಿವಾರ 12,000 ಮೀರಬಾರದೆಂದೂ ಒಪ್ಪಂದವಾಯಿತು. ಶನಿವಾರ ದೊಡ್ಡ ಹಡಗುಗಳೇ ಬೇಡವೆಂಬ ಪ್ರಸ್ತಾವವನ್ನು 2024ರ ಅಕ್ಟೋಬರ್‌ನಲ್ಲಿ ಅಲ್ಲಿನ ಮತದಾರರೇ ತಿರಸ್ಕರಿಸಿದರು. ಗಿರಾಕಿ ಬೇಕು, ಆದರೆ ತಮ್ಮ ನಿಯಮದ ಮೇಲೆ ಬೇಕು ಎಂಬ ವಿವೇಕ ಈ ಎರಡು ನಿರ್ಧಾರಗಳಲ್ಲಿಯೂ ಕಾಣುತ್ತದೆ. ಸ್ಕಾಗ್ವೇಯಲ್ಲಿ ಧಕ್ಕೆಯ ಪ್ರದೇಶವನ್ನು 1968ರಲ್ಲಿ ರೈಲು ಕಂಪನಿಗೆ 55 ವರ್ಷಗಳ ಗುತ್ತಿಗೆಗೆ ಕೊಡಲಾಗಿತ್ತು. ಅವಧಿ ತೀರಿದ 2023ರಲ್ಲಿ ಪಟ್ಟಣವು ಅದನ್ನು ತನ್ನ ಕೈಗೆ ತೆಗೆದುಕೊಂಡಿತು. ಎರಡು ತಲೆಮಾರುಗಳ ಹಿಂದೆ ಹಾಕಿದ ಒಂದು ಸಹಿಯ ಬೆಲೆ ಎಷ್ಟೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಎಲ್ಲಕ್ಕಿಂತ ಗಮನಾರ್ಹವಾದುದು ಹೂನಾ ಎಂಬ ಹಳ್ಳಿಯ ಪ್ರಯೋಗ. ಸಾವಿರಕ್ಕಿಂತ ಕಡಿಮೆ ಜನರಿರುವ, ಟ್ಲಿಂಗಿಟ್ ಬುಡಕಟ್ಟಿನವರ ಊರಿದು. ಮೀನುಗಾರಿಕೆಯೂ ಮರದ ವ್ಯಾಪಾರವೂ ಸೊರಗಿದಾಗ, 1971ರ ಮೂಲನಿವಾಸಿಗಳ ಹಕ್ಕುಗಳ ಕಾಯಿದೆಯ ಮೇರೆಗೆ ಸ್ಥಾಪಿತವಾದ ಅವರದೇ ಕಂಪನಿಯು, 1912ರ ಹಳೆಯ ಮೀನು ಡಬ್ಬೀಕರಣ ಕಾರ್ಖಾನೆಯನ್ನು ದುರಸ್ತಿಗೊಳಿಸಿ 2004ರಲ್ಲಿ ಪ್ರವಾಸಿ ಬಂದರನ್ನಾಗಿ ತೆರೆಯಿತು. ಮೊದಲ ವರ್ಷಗಳಲ್ಲಿ ಧಕ್ಕೆಯೂ ಇರಲಿಲ್ಲ, ಪ್ರಯಾಣಿಕರನ್ನು ಸಣ್ಣ ದೋಣಿಗಳಲ್ಲಿ ದಡಕ್ಕೆ ತರಲಾಗುತ್ತಿತ್ತು. 2016ರಲ್ಲಿ ಸ್ವಂತ ಧಕ್ಕೆ ಆಯಿತು. ಬಂದರು ಅವರದು, ಅಂಗಡಿಗಳ ಆಯ್ಕೆ ಅವರದು, ತಮ್ಮ ಪುರಾತನ ಕಥೆಗಳನ್ನು ಹೇಳುವವರೂ ಅವರೇ. 2020ರ ಪೆಟ್ಟು ಅವರಿಗೂ ಬಿತ್ತೆಂಬುದು ನಿಜ. ಒಡೆತನವು ಎಲ್ಲ ಅಪಾಯಕ್ಕೂ ಔಷಧಿಯಲ್ಲ. ಆದರೆ ಹಡಗು ಮರಳಿ ಬಂದಾಗ ಅದು ಬಂದು ನಿಂತದ್ದು ಅವರ ಧಕ್ಕೆಗೆ.

ಈ ಕಥೆ ಕರ್ನಾಟಕಕ್ಕೆ ಪೂರ್ತಿ ದೂರದ್ದೇನಲ್ಲ. ನವಮಂಗಳೂರು ಬಂದರಿಗೆ ಚಳಿಗಾಲದ ತಿಂಗಳುಗಳಲ್ಲಿ ವಿದೇಶಿ ಪ್ರವಾಸಿ ಹಡಗುಗಳು ಬರುತ್ತವೆ. ಪ್ರಯಾಣಿಕರು ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟ ಮೊದಲಾದುವನ್ನು ನೋಡಿ ಸಂಜೆಯೊಳಗೆ ಹಡಗಿಗೆ ಮರಳುತ್ತಾರೆ. ದೇಶದ ಕ್ರೂಸ್ ಪ್ರಯಾಣಿಕರ ಸಂಖ್ಯೆಯನ್ನು 2029ರೊಳಗೆ ಇಮ್ಮಡಿಗೊಳಿಸುವ ಗುರಿಯೊಡನೆ ಕೇಂದ್ರ ಸರಕಾರ 2024ರ ಸೆಪ್ಟೆಂಬರ್‌ನಲ್ಲಿ ‘ಕ್ರೂಸ್ ಭಾರತ್’ ಅಭಿಯಾನವನ್ನು ಆರಂಭಿಸಿದೆ. ಸ್ವಾಗತಾರ್ಹವೇ. ಆದರೆ ಕರಾರುಗಳಿಗೆ ಸಹಿ ಬೀಳುವ ಮೊದಲೇ ಕೇಳಬೇಕಾದ ಪ್ರಶ್ನೆಗಳಿವೆ. ಬಸ್ಸು ಯಾರದು? ಮಾರ್ಗದರ್ಶಿ ಯಾರು? ಗೋಡಂಬಿ, ಕೈಮಗ್ಗದ ಬಟ್ಟೆ, ಕರಕುಶಲ ವಸ್ತುಗಳ ಮಳಿಗೆಗೆ ಧಕ್ಕೆಯಲ್ಲಿ ಜಾಗವಿದೆಯೇ, ಅದರ ಬಾಡಿಗೆ ಎಷ್ಟು, ಅವಧಿ ಎಷ್ಟು? ಇವುಗಳಿಗೆ ಉತ್ತರ ಪಡೆಯುವುದು ಬಿಡಿ ವರ್ತಕನಿಂದ ಆಗುವ ಕೆಲಸವಲ್ಲ. ವಾಣಿಜ್ಯ ಸಂಸ್ಥೆಗಳು ಒಟ್ಟಾಗಿ ಮಾಡಬೇಕಾದ ಕೆಲಸ.

ಹಡಗನ್ನೇ ಕಾಣದ ಊರಿನ ಉದ್ಯಮಿಗೂ ಇಲ್ಲೊಂದು ಎಚ್ಚರಿಕೆಯಿದೆ. ಒಂದೇ ದೊಡ್ಡ ಕಾರ್ಖಾನೆಗೆ ಬಿಡಿಭಾಗ ಒದಗಿಸುವವನೂ, ಒಂದೇ ಆನ್‌ಲೈನ್ ಮಾರಾಟ ಸಂಸ್ಥೆಯ ಮೂಲಕ ಸರಕು ಮಾರುವವನೂ ಸ್ಕಾಗ್ವೇಯ ಅಂಗಡಿಕಾರನ ಸ್ಥಿತಿಯಲ್ಲಿಯೇ ಇದ್ದಾರೆ. ಮಾರ್ಚ್ 31ರಂದು ಲೆಕ್ಕ ಮುಗಿಸುವಾಗ ಒಟ್ಟು ವಹಿವಾಟಿನ ಕೆಳಗೆ ಇನ್ನೊಂದು ಸಾಲು ಬರೆದುಕೊಳ್ಳುವುದು ಒಳ್ಳೆಯದು: ಇದರಲ್ಲಿ ಒಬ್ಬನೇ ಗ್ರಾಹಕನಿಂದ ಬಂದುದೆಷ್ಟು, ಅವನು ನಾಳೆ ಬಾರದಿದ್ದರೆ ಎಷ್ಟು ತಿಂಗಳು ಬಾಗಿಲು ತೆರೆದಿಡಬಹುದು? ಊರಿಗೆ ಬಂದವಳು ನೀರಿಗೆ ಬಂದೇ ಬರುತ್ತಾಳೆ ಎಂಬುದು ಸರಿಯೇ. ಆದರೆ ಬಾವಿಯೂ ಹಗ್ಗವೂ ಊರಿನವರ ಕೈಯಲ್ಲಿರಬೇಕು.