ಬೇಟೆ ಬಿಡೋಣ, ಹೆಜ್ಜೆ ಓದೋದು ಬಿಡೋದು ಬ್ಯಾಡ



ಈ ಸಲ ಗೋಡೆ ಪತ್ರಿಕೆಯಲ್ಲಿ 'ನನ್ನ ಅಭಿಪ್ರಾಯ' ಬರೆಯುವ ಪಾಳಿ ನನ್ನದು. ಬೇಟೆಯ ಬಗ್ಗೆ ಬರೆಯುತ್ತೇನೆ ಎಂದಾಗ ಹಿಂದಿನ ಸಾಲಿನವರು "ಲೇ, ನೀ ಇಲಿ ಕಂಡ್ರ ಓಡ್ತಿ" ಎಂದು ನಕ್ಕರು. ನಗಲಿ. ಪೂರ್ತಿ ಓದಿದ ಮೇಲೆ ಮಾತಾಡೋಣ.

ನನ್ನ ಅಭಿಪ್ರಾಯ ಇಷ್ಟು. ಬೇಟೆ ನಿಲ್ಲಬೇಕು. ಆದರೆ ಬೇಟೆಗಾರರಿಗೆ ಗೊತ್ತಿದ್ದ ಹೆಜ್ಜೆ ಓದುವ ವಿದ್ಯೆಯನ್ನು ನಾವು ಕಲಿಯಬೇಕು.

ನಮ್ಮ ಓಣಿಯಲ್ಲಿ ಒಬ್ಬ ಅಜ್ಜಾರು ಅದಾರ. ವಯಸ್ಸಿನಲ್ಲಿದ್ದಾಗ ಶಿಕಾರಿ ಮಾಡುತ್ತಿದ್ದರಂತೆ. ಈಗ ಕೈಯಲ್ಲಿ ಕೋಲು ಬಿಟ್ಟರೆ ಏನೂ ಇಲ್ಲ. ಬೆಳಿಗ್ಗೆ ಬೆಣ್ಣಿಹಳ್ಳದ ಕಡೆ ಹೋಗುವಾಗ ನೆಲ ನೋಡಿಕೊಂಡೇ ನಡೆಯುತ್ತಾರೆ. ರೊಕ್ಕ ಕಳಕೊಂಡಾರೇನೋ ಎಂದು ನಾನು ಕೇಳಿದೆ. "ರೊಕ್ಕ ಅಲ್ಲೋ ತಮ್ಮಾ, ಪೇಪರ್ ಓದಾಕತ್ತೇನಿ. ರಾತ್ರಿ ಯಾರ್ ಯಾರು ಬಂದಿದ್ರು ಅಂತ ಇಲ್ಲೇ ಬರದೈತಿ ನೋಡು" ಎಂದರು. ಅವತ್ತಿನಿಂದ ನಾನು ಅವರ ಬೆನ್ನು ಬಿಟ್ಟಿಲ್ಲ.

ನಮ್ಮ ಎರಿ ಮಣ್ಣು ಅರ್ಧ ಆರಿದಾಗ ಹೆಜ್ಜೆ ಅಚ್ಚು ಒತ್ತಿದಂಗ ಮೂಡುತ್ತದೆ. ನಾಯಿ, ನರಿ ಹೆಜ್ಜೆಯಲ್ಲಿ ಉಗುರು ಕಾಣುತ್ತವೆ. ಬೆಕ್ಕು ನಡೆಯುವಾಗ ಉಗುರು ಒಳಗೆ ಎಳೆದುಕೊಳ್ಳುತ್ತದೆ, ಅದಕ್ಕೆ ಉಗುರಿನ ಗುರುತೇ ಇರುವುದಿಲ್ಲ. ಹಂದಿಯ ಗೊರಸಿನ ಹಿಂದೆ ಎರಡು ಸಣ್ಣ ಚುಕ್ಕೆ ಬೀಳುತ್ತವೆ. ಚಿಗರಿಯ ಗೊರಸು ಎರಡು ಹೋಳು, ಮುಂದೆ ಮೊನಚು. ಚಿಗರಿ ಅಂದರೆ ನಮಗೆಲ್ಲ 2018ರಲ್ಲಿ ಹುಬ್ಬಳ್ಳಿ-ಧಾರವಾಡದ ನಡುವೆ ಓಡಾಟ ಶುರು ಮಾಡಿದ ಬಸ್ಸೇ ನೆನಪಾಗುತ್ತದೆ. ಅಜ್ಜಾರು "ಆ ಚಿಗರಿ ಹೆಜ್ಜಿ ಕುರುಡನೂ ಹಿಡೀತಾನ, ಟಾಯರ್ ಗುರುತು ಇರ್ತಾವ" ಅಂತಾರ.

ಎಲ್ಲಕ್ಕಿಂತ ಮೋಸಗಾರ ಮೊಲ. ಅದು ಜಿಗಿಯುವಾಗ ಹಿಂದಿನ ಕಾಲು ಮುಂದಿನ ಕಾಲಿಗಿಂತ ಮುಂದೆ ಊರುತ್ತವೆ. ಹೊಸ ಶಿಕಾರಿಯವರು ಇದನ್ನು ತಿಳಿಯದೆ ಉಲ್ಟಾ ದಿಕ್ಕಿಗೆ ಹೋಗುತ್ತಾರೆ. ಅಜ್ಜಾರೂ ಹುಡುಗರಿದ್ದಾಗ ಹಾಗೇ ಒಂದು ಮೈಲಿ ಹೋದರಂತೆ. "ಮೊಲ ಮಲಗಿದ್ದ ಜಾಗಾ ಸಿಕ್ತು, ಮೊಲ ಸಿಗಲಿಲ್ಲ" ಎಂದು ನಗುತ್ತಾರೆ.

ಇನ್ನೊಂದು ಕಥೆ ಹೇಳಲೇಬೇಕು. ಅಜ್ಜಾರು ಗೌಜುಗದ ಹಾಗೆ ಕೂಗುತ್ತಾರೆ. ಒಮ್ಮೆ ಬೇಲಿಯ ಈ ಕಡೆ ಕುಳಿತು ಕೂಗಿದರು. ಆ ಕಡೆಯಿಂದ ಉತ್ತರ ಬಂತು. ಇವರು ತೆವಳಿಕೊಂಡು ಒಂದು ಮಾರು ಮುಂದೆ ಹೋದರು, ಆ ಕೂಗೂ ಒಂದು ಮಾರು ಸಮೀಪ ಬಂತು. ಒಂದು ತಾಸು ಹೀಗೇ ನಡೆಯಿತು. ಕೊನೆಗೆ ಬೇಲಿ ಸರಿಸಿ ನೋಡಿದರೆ ಗೌಜುಗ ಅಲ್ಲ, ಅವರ ಭಾವ! ಇಬ್ಬರೂ ಒಬ್ಬರನ್ನೊಬ್ಬರು ಹಿಡಿಯಲು ಬಂದಿದ್ದರು. "ಅವತ್ತು ಕೂಗು ನಂಬಿ ಕೆಟ್ಟೆ. ಹೆಜ್ಜಿ ನೋಡಿದ್ರ ಗೊತ್ತಾಗ್ತಿತ್ತು. ಚಪ್ಪಲಿ ಹಾಕ್ಕೊಂಡ ಗೌಜುಗ ಎಲ್ಲರ ಇರ್ತಾವೇನೋ?"

ಶಿಕಾರಿಯವರ ಮಾತಿನಲ್ಲಿ ಸುಳ್ಳು ಬಹಳ ಎಂದು ಹೇಳುತ್ತಾರೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬ ಗಾದೆ ನಮಗೆ ಗೊತ್ತೇ ಇದೆ. ಅದಕ್ಕೇ ಒಂದು ದಿನ ಅಜ್ಜಾರು ಧೂಳಿನಲ್ಲಿ ದೊಡ್ಡದೊಂದು ಹಕ್ಕಿಯ ಹೆಜ್ಜೆ ಬರೆದು, ಮುಂದೆ ಮೂರು ಬೆರಳು ಹಾಕಿ, ಹಿಂದಿನ ಬೆರಳು ಹಾಕದೇ ಬಿಟ್ಟಾಗ ನಾನು ನಂಬಲಿಲ್ಲ. ಕೋಳಿಗೆ, ನವಿಲಿಗೆ ಹಿಂದೆ ಒಂದು ಬೆರಳು ಇರುತ್ತದಲ್ಲ! "ಇದು ಎರೆಭೂತ. ಇದಕ್ಕ ಹಿಂದಿನ ಬಳ್ಳು ಇಲ್ಲ" ಎಂದರು. ಮರುದಿನ ಸರ್ ಅವರನ್ನು ಕೇಳಿದೆ. ಅವರು ಪುಸ್ತಕ ತೆಗೆದು ತೋರಿಸಿದರು. ಅಜ್ಜಾರು ಹೇಳಿದ್ದು ಖರೆ ಇತ್ತು. ಗಂಡು ಹತ್ತು ಕಿಲೋಗಿಂತ ಹೆಚ್ಚು ತೂಗುತ್ತದೆ, ಆದರೂ ಹಾರುತ್ತದೆ. ಹೆಣ್ಣು ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮೊಟ್ಟೆ ಇಡುತ್ತದೆ, ಅದೂ ಬರೀ ನೆಲದ ಮೇಲೆ.

ಅಜ್ಜಾರು ಅದನ್ನು ನೋಡಿದ್ದು ರಾಣೇಬೆನ್ನೂರಿನ ಕಡೆ, ಸೋದರಮಾವನ ಊರಲ್ಲಿ. ಆಗ ಅದೂ ನಮ್ಮ ಧಾರವಾಡ ಜಿಲ್ಲೆಯಲ್ಲೇ ಇತ್ತು, 1997ರಲ್ಲಿ ಹಾವೇರಿ ಜಿಲ್ಲೆಗೆ ಸೇರಿತು. 1974ರಲ್ಲಿ ಅಲ್ಲಿ ಚಿಗರಿಗಳಿಗಾಗಿ ಅಭಯಾರಣ್ಯ ಮಾಡಿದರು. ಚಿಗರಿ ಉಳಿದವು, ಎರೆಭೂತ ಕಾಣದಾದವು. ಈಗ ನಮ್ಮ ರಾಜ್ಯದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ ಬೆರಳಲ್ಲಿ ಎಣಿಸುವಷ್ಟು ಇವೆ. ಬೇಟೆ ಒಂದೇ ಕಾರಣ ಅಲ್ಲ. ಹುಲ್ಲುಗಾವಲು ಹೋಯಿತು, ಕರೆಂಟಿನ ತಂತಿಗೆ ಬಡಿದೂ ಸಾಯುತ್ತವೆ. ಆದರೆ ವರ್ಷಕ್ಕೆ ಒಂದೇ ಮೊಟ್ಟೆ ಇಡುವ ಹಕ್ಕಿಯನ್ನು ಹೊಡೆದು ತಿಂದರೆ ಎಷ್ಟು ದಿನ ಉಳಿದೀತು?

"ನೀವೂ ತಿಂದೀರೇನ್ರಿ ಅಜ್ಜಾರ?" ಎಂದು ಕೇಳಿದೆ. ಅವತ್ತು ಮಾತ್ರ ಅವರು ನಗಲಿಲ್ಲ. "ಒಂದು ತಿಂದೇನೋ ತಮ್ಮಾ" ಎಂದು ಧೂಳಿನ ಹೆಜ್ಜೆಯನ್ನು ಕೋಲಿನಿಂದ ಅಳಿಸಿದರು.

ಇನ್ನು ನನ್ನ ತಪ್ಪು ಹೇಳುತ್ತೇನೆ. ಹೋದ ಮಳೆಗಾಲದಲ್ಲಿ ಹಳ್ಳದ ದಂಡೆಗೆ ಗೌಜುಗ ಹಿಡಿಯಲು ನೈಲಾನ್ ದಾರದ ಉರುಲು ಇಟ್ಟವರು ನಾಲ್ಕು ಮಂದಿ. ಉಳಿದ ಮೂವರ ಹೆಸರು ಬರೆಯುವುದಿಲ್ಲ, ನಾಲ್ಕನೆಯವ ನಾನು. ದಾರಿ ನೋಡಿ ಜಾಗ ತೋರಿಸಿದವನೂ ನಾನೇ, ಯಾಕಂದರೆ ಹೆಜ್ಜೆ ಓದಲು ಬರುತ್ತಿದ್ದುದು ನನಗೊಬ್ಬನಿಗೇ. ಬೆಳಿಗ್ಗೆ ಹೋದಾಗ ಹೆಣ್ಣು ಗೌಜುಗ ಉರುಲಿನಲ್ಲಿ ಸತ್ತಿತ್ತು. ಉಳಿದವರು ಖುಷಿಯಿಂದ ಪುಕ್ಕ ಕೀಳತೊಡಗಿದರು. ನಾನು ನೆಲ ನೋಡಿದೆ. ಉರುಲಿನ ಸುತ್ತ ಜೀರಿಗೆ ಚೆಲ್ಲಿದಂಗ ಸಣ್ಣ ಸಣ್ಣ ಹೆಜ್ಜೆ. ಪೊದೆಯ ತನಕ ಹೋಗಿ ಮತ್ತೆ ತಾಯಿಯ ಹತ್ತಿರ ಬಂದಿದ್ದವು. ಮತ್ತೆ ಹೋಗಿ ಮತ್ತೆ ಬಂದಿದ್ದವು. ರಾತ್ರಿಯೆಲ್ಲ ಏನಾಯಿತು ಎಂದು ಅಲ್ಲೇ ಬರೆದಿತ್ತು. ಓದಲು ಬಾರದಿದ್ದರೆ ನಾನೂ ಪುಕ್ಕ ಕೀಳುತ್ತಿದ್ದೆ.

ಅಜ್ಜಾರಿಗೆ ಹೇಳಿದಾಗ ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಬೈಯಲಿಲ್ಲ. "ನಾ ಹಿಡಿಯೂ ತನಕ ಹೆಜ್ಜಿ ಓದತಿದ್ದೆ. ಹಿಡದ ಮ್ಯಾಲೆ ಎಂದೂ ಓದಿರಲಿಲ್ಲ" ಎಂದಷ್ಟೇ ಹೇಳಿದರು.

ಕೆಲವರು ಕೇಳಬಹುದು, ಹಿಡಿಯೋದಿಲ್ಲ ಅಂದ ಮೇಲೆ ಹೆಜ್ಜೆ ಕಲಿತು ಏನು ಮಾಡೋದು ಅಂತ. ಹೊಲದಲ್ಲಿ ಗೋವಿನಜೋಳ ಹಾಳಾದರೆ ನಾವು ಮೊದಲು ನವಿಲಿಗೆ ಬೈಯುತ್ತೇವೆ. ಹೆಜ್ಜೆ ನೋಡಿದರೆ ಹಂದಿಯೋ, ಚಿಗರಿಯೋ, ಪಕ್ಕದ ಮನೆಯ ಎಮ್ಮೆಯೋ ತಿಳಿಯುತ್ತದೆ. ಎಮ್ಮೆ ಆದರೆ ಜಗಳ ಯಾರ ಜೋಡಿ ಮಾಡಬೇಕು ಅಂತಾನೂ ತಿಳಿಯುತ್ತದೆ! ಇನ್ನು ಕೆಲವರು "ಹಿಂದಿನವರು ಬೇಟೆ ಆಡಿಲ್ಲೇನು?" ಅಂತಾರೆ. ಆಡಿದ್ದಾರೆ. ಆದರೆ 1972ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ಕಾಡುಹಕ್ಕಿ ಹಿಡಿಯುವುದು ಅಪರಾಧ. ಕಾಯ್ದೆ ಇರದಿದ್ದರೂ ಆ ಜೀರಿಗೆ ಹೆಜ್ಜೆ ನೋಡಿದವರು ಮತ್ತೆ ಉರುಲು ಇಡಲಾರರು.

ಅದಕ್ಕೆ ಗುರುಗಳಲ್ಲಿ ಒಂದು ವಿನಂತಿ. ತಿಂಗಳಿಗೆ ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ನಮ್ಮನ್ನು ಹಳ್ಳದ ದಂಡೆಗೆ ಕರೆದುಕೊಂಡು ಹೋಗಬೇಕು. ಅಜ್ಜಾರನ್ನೂ ಕರೆಯೋಣ. ಕಂಡ ಹೆಜ್ಜೆಯ ಚಿತ್ರ ಬರೆದು, ತಾರೀಖು ಹಾಕಿ, ಇದೇ ಗೋಡೆಗೆ ಅಂಟಿಸೋಣ. ಅಜ್ಜಾರಿಗೆ ಕಣ್ಣು ಮಂಜಾಗುತ್ತಿವೆ, ಬಹಳ ತಡ ಮಾಡುವುದು ಬೇಡ.

ಗೌಜುಗದ ಮೊದಲ ಚಿತ್ರ ನಾನು ಬರೆದು ಇಟ್ಟಿದ್ದೇನೆ. ಎರೆಭೂತದ ಮೂರು ಬೆರಳಿನದು ಅಜ್ಜಾರಿಂದ ಇನ್ನೊಮ್ಮೆ ಬರೆಸಬೇಕು. ಈ ಸಲ ಹಾಳೆಯ ಮೇಲೆ.

ಇಂತಿ ನಿಮ್ಮ ಗೆಳೆಯ,
7ನೇ ತರಗತಿ